ಗುಂಡಗಿಲ್ಲದ ಯುರೇನಿಯಂ

ನಮ್ಮ ಫಿಸಿಕ್ಸ್ ಮೇಡಂ ಶಿವಗಂಗಾ ತರಗತಿಗೆ ಬರುವ ಮೊದಲೇ ಸಾರಿನ ವಾಸನೆ ಬರುತ್ತಿತ್ತು. ಒಂದು ಕೈಯಲ್ಲಿ ಕ್ಯಾಂಟೀನಿನ ದುಂಡನೆಯ ಬೋಗುಣಿ, ಇನ್ನೊಂದರಲ್ಲಿ ಉದ್ದನೆಯ ಟ್ರೇ, ಎರಡರಲ್ಲೂ ಸಾರು. ನೀರು ಸಾಲದೇ ಎಂದು ಕೇಳಿದರೆ, "ನೀರು ಹಿಂದಿನ ಬೆಂಚಿಗೆ ಕಾಣಲ್ಲ ಕಣಮ್ಮ" ಎನ್ನುತ್ತಿದ್ದರು.

ಬೋಗುಣಿಯನ್ನು ಯಾವ ಕಡೆಗೆ ಅಲುಗಿಸಿದರೂ ಸಾರು ಒಂದೇ ಲಯದಲ್ಲಿ ಆಡುತ್ತಿತ್ತು. ಟ್ರೇಯಲ್ಲಿ ಹಾಗಲ್ಲ, ಉದ್ದಕ್ಕೆ ನಿಧಾನ, ಅಡ್ಡಕ್ಕೆ ಬೇಗ.

"ನ್ಯೂಕ್ಲಿಯಸ್ಸೂ ಅಷ್ಟೇ. ಒಳಗೆ ಪ್ರೋಟಾನೆಲ್ಲ ಒಂದು ಕಡೆ, ನ್ಯೂಟ್ರಾನೆಲ್ಲ ಇನ್ನೊಂದು ಕಡೆ ತೂಗಾಡ್ತವೆ. ಸೀಸದ್ದು ಗುಂಡಗಿದೆ, ಒಂದೇ ಕಂಪನ. ಯುರೇನಿಯಂದು ಉದ್ದಕ್ಕಿದೆ, ಅದಕ್ಕೇ ಕಂಪನ ಎರಡಾಗಿ ಒಡೆಯುತ್ತೆ."

ಇಷ್ಟನ್ನು ಅರಿಯಲು, ತಿಳಿಸಲು ಅವರು ಜೀವ ಸವೆಸಿದರು. ಅಂಥವರಿದ್ದ ಕಾಲೇಜಿನ ತೋಟದಲ್ಲಿ, ತೊಂಬತ್ತರ ದಶಕದ ಕೊನೆಗೆ, ಸಿಮೆಂಟಿನ ಪರಮಾಣುವೊಂದು ಎದ್ದಿತು. ನಡುವೆ ಫುಟ್‌ಬಾಲಿನಂಥ ನ್ಯೂಕ್ಲಿಯಸ್, ಕೆಳಗೆ 'ಯುರೇನಿಯಂ' ಎಂಬ ಬರಹ. ನಾನಾಗ ಅವರ ವಿಭಾಗದಲ್ಲೇ ಹೊಸದಾಗಿ ಪಾಠ ಹೇಳುತ್ತಿದ್ದೆ. ನನ್ನನ್ನೂ ಎಳೆದುಕೊಂಡು ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದರು.

"ಅದನ್ನ ಸ್ವಲ್ಪ ಉದ್ದ ಮಾಡಿಸಿ ಸಾರ್."

"ಜನ ಮೊಟ್ಟೆ ಅಂತಾರೆ ಮೇಡಂ. ಗುಂಡಗಿದ್ರೇ ಲಕ್ಷಣ."

"ಸರಿ, ಗುಂಡಗೇ ಇರ್ಲಿ. ಹೆಸರು ಅಳಿಸಿ ಸೀಸ ಅಂತ ಬರೆಸಿ. ಎರಡಕ್ಷರ ಕಣ್ರೀ!"

"ಸೀಸ ಅಂದ್ರೆ ಯಾರು ನೋಡ್ತಾರೆ? ಯುರೇನಿಯಂ ಅಂದ್ರೆ ಒಂದು ಗತ್ತು. ಹೋಗ್ಲಿ ಬುಡಿ ಮೇಡಂ."

ಆ 'ಹೋಗ್ಲಿ ಬುಡಿ' ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಗತ್ತಂತೆ! ಇವರು ನಡೆಸುತ್ತಿದ್ದುದು ಕಾಲೇಜೋ ಕಲ್ಯಾಣ ಮಂಟಪವೋ? ಮೇಡಂ ಮಾತ್ರ ಬಿಡಲಿಲ್ಲ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳನ್ನು ಆ ಚೆಂಡಿನ ಮುಂದೆ ನಿಲ್ಲಿಸಿ, "ಇದು ಸುಳ್ಳು. ಕ್ಲಾಸಿಗೆ ಬನ್ನಿ, ನಿಜ ತೋರಿಸ್ತೀನಿ" ಎನ್ನುತ್ತಿದ್ದರು. ನಿವೃತ್ತಿಯ ದಿನ, ಕೊರಳಲ್ಲಿ ಹಾರವಿರುವಾಗಲೂ, ಆ ಎರಡಕ್ಷರವನ್ನೇ ಕೇಳಿದರು. ವೇದಿಕೆಯಲ್ಲಿದ್ದವರು ತಮಾಷೆಯೆಂದು ನಕ್ಕರು.

ಯಾದವಗಿರಿಯ ಮನೆಯಲ್ಲಿ ಅವರು ತೀರಿಕೊಂಡ ಮರುವರ್ಷ ಆ ತೋಟಕ್ಕೆ ಅವರದೇ ಹೆಸರಿಟ್ಟರು. ನಾನೂ ಹೋದೆ. ಚೆಂಡಿನ ಮುಂದೆ ಅವರ ಫೋಟೊ. ಹಳೆಯ ಬರಹ ಮಾಸಿತ್ತೆಂದು ಪೀಠಕ್ಕೆಲ್ಲ ಸುಣ್ಣ ಬಳಿದು, ಚಿನ್ನದ ಬಣ್ಣದಲ್ಲಿ ಹೊಸದಾಗಿ ಬರೆಸಿದ್ದರು. ಯುರೇನಿಯಂ! ಪೀಠ ಖಾಲಿಯಿತ್ತು, ಬಣ್ಣವಿತ್ತು, ಬರೆಯುವವನೂ ಬಂದಿದ್ದ. ಆದರೂ ಆ ಎರಡಕ್ಷರ ಬರೆಸಲು ಇವರಿಗೆ ಮನಸ್ಸಾಗಲಿಲ್ಲ.

ಫೋಟೊಗೆ ಹೂವಿಟ್ಟೆ. ಬಗ್ಗಿ, ಇನ್ನೂ ಹಸಿಯಾಗಿದ್ದ ಆ ಹೆಸರನ್ನು ಸೆರಗಿನಿಂದ ಒರೆಸಿಬಿಟ್ಟೆ.

"ಅಯ್ಯೋ, ಏನ್ ಮೇಡಂ ಇದು!" ಎಂದು ಪ್ರಿನ್ಸಿಪಾಲರು ಓಡಿ ಬಂದರು.

"ಹೋಗ್ಲಿ ಬುಡಿ ಸಾರ್" ಎಂದೆ.