ಎರಡು ಚೀಲ ಅಕ್ಕಿ

ನಾನು ಮೇಷ್ಟ್ರಾಗಿದ್ದ ಕೂಡ್ಲಿಗಿ ಕಡೆಯ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಆಕೆ, ಉಂಡೆದ್ದ ಪ್ರತಿ ಮಗುವಿನ ಹೊಟ್ಟೆಯನ್ನೂ ಎರಡು ಬೆರಳಿನಿಂದ ಒತ್ತಿ ನೋಡುತ್ತಿದ್ದಳು. "ಹೊಟ್ಟಿ ತುಂಬ್ತೇನ್ಲೇ?" ಎಂದು ಕೇಳಿ, ಹೂಂ ಅಂದಮೇಲೇ ಬಿಡುತ್ತಿದ್ದಳು.

ಒಂದು ಬೇಸಿಗೆ ರಜೆ ಶುರುವಾದಾಗ ಶಾಲೆಯ ಉಗ್ರಾಣದಲ್ಲಿ ಎರಡು ಚೀಲ ಅಕ್ಕಿ ಉಳಿದಿದ್ದವು. "ಕೂಲಿಗಿ ಹೋದವ್ರ ಮಕ್ಳು ಮಧ್ಯಾಹ್ನ ಏನ್ ತಿನ್ನಬೇಕ್ರಿ? ಅಕ್ಕಿ ಕೊಡ್ರಿ, ನಾ ಪುಕ್ಕಟೆ ಅಡಿಗಿ ಮಾಡ್ತೀನಿ," ಎಂದಳು. ರಜೆಯಲ್ಲಿ ಹಾಜರಿ ಇಲ್ಲ, ಹಾಜರಿ ಇಲ್ಲದೆ ಅಕ್ಕಿ ಇಲ್ಲ ಎಂದರು ತಾಲ್ಲೂಕಿನ ಸಾಹೇಬರು. ಬೀಗ ಹಾಕಿದ ಕೈ ನನ್ನದೇ. ಆ ಎರಡು ತಿಂಗಳು ಮಕ್ಕಳು ಎದುರಾದರೆ ಆಕೆ ತಲೆ ತಗ್ಗಿಸಿ ನಡೆದಳು. ಯಾರ ಹೊಟ್ಟೆಯನ್ನೂ ಒತ್ತಿ ನೋಡಲಿಲ್ಲ.

ಶಾಲೆ ತೆರೆದ ದಿನ ಸಾಹೇಬರೂ ಬಂದಿದ್ದರು. ಚೀಲ ಬಿಚ್ಚಿದರೆ ಅಕ್ಕಿಗಿಂತ ಹುಳುವೇ ಹೆಚ್ಚು. "ಮೊರದಲ್ಲಿ ಕೇರಿ ಬೇಯಿಸಮ್ಮ, ಏನೂ ಆಗಲ್ಲ," ಎಂದರು ಸಾಹೇಬರು. ಆಕೆ ಒಂದು ಹಿಡಿ ತೆಗೆದು ಅವರ ಎದುರಿಗೇ ಹಿಡಿದಳು. ಅಂಗೈಯಲ್ಲಿ ಹರಿದಾಡುತ್ತಿದ್ದ ಹುಳುಗಳನ್ನು ಬಗ್ಗಿ ಕೇಳಿದಳು: "ಹೊಟ್ಟಿ ತುಂಬ್ತೇನ್ಲೇ?"

ಆಮೇಲೆ ಸಾಹೇಬರ ಕಡೆ ತಿರುಗಿ, "ಇವಕ್ಕ ಹಾಜರಿ ಹಾಕ್ರಿ. ರಜಾದಾಗ ಒಂದು ದಿನಾನೂ ತಪ್ಪಿಸಿಲ್ಲ," ಎಂದಳು.