ಪರಿಚಯದ ಸಹಿ

ಎಂಬತ್ತರ ದಶಕದಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಜನ ನನ್ನನ್ನು ಲೋಕಸಭೆಗೆ ಆರಿಸಿ ಕಳಿಸಿದರು. ಅದಕ್ಕೆ ಮೊದಲು ಹತ್ತೊಂಬತ್ತು ವರ್ಷ ಬ್ಯಾಂಕಿನಲ್ಲಿದ್ದೆ; ಕೊನೆಯ ಐದು ವರ್ಷ ಮಾಗಡಿಯಲ್ಲಿ ಮ್ಯಾನೇಜರ್. ಖಾದಿ ತೊಟ್ಟರೂ ಒಳಗಿನ ಮ್ಯಾನೇಜರ್ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನನ್ನದು ಹುಟ್ಟುಗುಣವೂ ಅಲ್ಲ, ಸಂಬಳಕ್ಕೆ ಕಲಿತದ್ದು.

ಸಂಸದನ ಕಚೇರಿಯಲ್ಲಿ ಅರ್ಧ ಕೆಲಸ ಶಿಫಾರಸು ಪತ್ರದ್ದೇ. ಮೊದಲ ವರ್ಷ ಕೇಳಿದವರಿಗೆಲ್ಲ ಬರೆದುಕೊಟ್ಟೆ. ಯಾರೋ ಒಬ್ಬ ನನ್ನ ಪತ್ರ ತೋರಿಸಿ ಬಡ ಹುಡುಗಿಯೊಬ್ಬಳ ಹಾಸ್ಟೆಲ್ ಸೀಟನ್ನು ತನ್ನ ಮಗಳಿಗೆ ಹೊಡೆದುಕೊಂಡ. ಪತ್ರಿಕೆಯಲ್ಲಿ ಬಂತು, ಮಾನ ಹೋಯಿತು. ಆ ಸಿಟ್ಟಿನಲ್ಲಿ ಬ್ಯಾಂಕಿನ ನಿಯಮವೊಂದನ್ನು ತಂದು ಕೂರಿಸಿದೆ. ಆಗೆಲ್ಲ ಖಾತೆ ತೆರೆಯಲು ‘ಇಂಟ್ರಡಕ್ಷನ್’ ಬೇಕಿತ್ತು. ಅಂದರೆ ಹಳೆಯ ಖಾತೆದಾರನೊಬ್ಬ ‘ಇವರನ್ನು ಬಲ್ಲೆ’ ಎಂದು ಸಹಿ ಹಾಕಬೇಕು. ಹಾಗೆಯೇ ನನ್ನ ಪತ್ರ ಬೇಕಾದವರು ನನಗೆ ಗೊತ್ತಿರುವ ಊರ ಪ್ರಮುಖರೊಬ್ಬರ ಸಹಿ ತರಬೇಕೆಂದು ಬೋರ್ಡು ಬರೆಸಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಹೆಮ್ಮೆಯಾಗುತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ ತಿಪ್ಪಸಂದ್ರದ ಆಚೆಯ ಹಳ್ಳಿಯಿಂದ ಕೆಂಪಮ್ಮ ಎಂಬಾಕೆ ಬಂದರು. ಗಂಡ ಚಿಕ್ಕಣ್ಣ ತೆಂಗಿನ ಮರದಿಂದ ಬಿದ್ದು, ಬೆನ್ನುಮೂಳೆ ಮುರಿದು, ಮಾಗಡಿ ಆಸ್ಪತ್ರೆಯಲ್ಲಿದ್ದ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆ ಇಲ್ಲವೆಂದು ವಾಪಸು ಕಳಿಸಿದ್ದರಂತೆ. ತಡಮಾಡದೆ ಬೆಂಗಳೂರಿಗೆ ಸೇರಿಸಬೇಕೆಂದು ಮಾಗಡಿ ವೈದ್ಯರು ಬರೆದ ಚೀಟಿ ಕೈಯಲ್ಲೇ ಇತ್ತು. ಓದಿದೆ. ಓದಿಯೂ ಬೋರ್ಡಿನ ಕಡೆ ಕೈ ತೋರಿಸಿದೆ. ಆಕೆಗೆ ಓದು ಬರುತ್ತಿರಲಿಲ್ಲ. ನಾನೇ ನಿಯಮ ವಿವರಿಸಿ, ಅವರೂರಿನ ಮಾಜಿ ಪಂಚಾಯ್ತಿ ಅಧ್ಯಕ್ಷರ ಹೆಸರು ಹೇಳಿ ಕಳಿಸಿದೆ. ಆತ ಚುನಾವಣೆಯಲ್ಲಿ ನನಗಾಗಿ ಓಡಾಡಿದವರು.

ಆಕೆ ಮತ್ತೆ ಬಂದದ್ದು ಗುರುವಾರ. ಸಹಿ ಇರಲಿಲ್ಲ. ಆ ಮನುಷ್ಯ ಮೂರು ದಿನ ಜಗಲಿಯಲ್ಲಿ ಕಾಯಿಸಿ, ಹೊಲದ ಬದುವಿಗಾಗಿ ಇವರೊಡನೆ ಇದ್ದ ಹಳೆಯ ಜಗಳ ತೆಗೆದಿದ್ದರು.

“ಹುಟ್ದಾಗಿಂದ ನಮ್ಮುನ್ನ ಬಲ್ರು ಸಾ,” ಅಂದರು ಕೆಂಪಮ್ಮ. “ಬಲ್ಲೆ ಅಂತ ಬರ್ಯಕ್ಕೆ ಬದ ಬುಟ್ಕೊಡು ಅಂತಾರೆ.”

ನನಗೆ ಮೈಯೆಲ್ಲ ಉರಿಯಿತು, ಆತನ ಮೇಲಿನದಕ್ಕಿಂತ ನನ್ನ ಮೇಲೇ ಹೆಚ್ಚು. ಸಂಜೆಯೊಳಗೆ ನಾನೇ ಮುಂದೆ ನಿಂತು ಚಿಕ್ಕಣ್ಣನನ್ನು ಬೆಂಗಳೂರಿಗೆ ಸೇರಿಸಿದೆ. ಅರ್ಧ ಗಂಟೆಯಲ್ಲಿ ಹಾಸಿಗೆ ಸಿಕ್ಕಿತು. ಶಸ್ತ್ರಚಿಕಿತ್ಸೆಯಾಯಿತು, ಜೀವ ಉಳಿಯಿತು, ಕಾಲಿಗೆ ಬಲ ಬರಲಿಲ್ಲ. ಸೋಮವಾರವೇ ತಂದಿದ್ದರೆ ಎಂದು ಕೇಳಿದೆ. ಬರುತ್ತಿತ್ತು ಎನ್ನಲಾರೆ, ಬರುತ್ತಿರಲಿಲ್ಲ ಎಂದೂ ಹೇಳಲಾರೆ ಅಂದರು ಸರ್ಜನ್.

ಬೋರ್ಡು ಇಳಿಸಿದೆ. ಬ್ಯಾಂಕಿನಲ್ಲಿ ಆ ಸಹಿ ಬ್ಯಾಂಕನ್ನು ಕಾಯುತ್ತಿತ್ತು. ಇಲ್ಲಿ ಊರೂರಿಗೂ ಒಬ್ಬ ಯಜಮಾನನನ್ನು ಬಾಗಿಲಲ್ಲಿ ಕೂರಿಸಿತ್ತು, ಅದೂ ನನ್ನ ಹೆಸರಿನಲ್ಲಿ.

ಕೆಲವು ತಿಂಗಳ ಮೇಲೆ ಅವರ ಮನೆಗೆ ಹೋಗಿ ತಪ್ಪಾಯಿತು ಅಂದೆ. ಚಿಕ್ಕಣ್ಣ ಗೋಡೆ ಕಡೆ ತಿರುಗಿದ. ಕೆಂಪಮ್ಮ ಕಾಫಿ ಲೋಟ ಕೊಟ್ಟು, ಸಿಟ್ಟಿಲ್ಲದೆ ಹೇಳಿದರು:

“ವೋಟ್ ಕೇಳಕ್ಕೆ ಬಂದಾಗ ನೀವ್ಯಾರು ಅಂತ ನಮ್ಗೂ ಗೊತ್ತಿರ್ನಿಲ್ಲ ಸಾ. ಯಾರ ಸೈನೂ ಕೇಳ್ನಿಲ್ಲ. ಹಾಕ್ಬುಟ್ಟೋ.”

ಅನುಮಾನಿಸುವುದು ತಪ್ಪಲ್ಲ, ಈಗಲೂ ಹಾಗೇ ಅನ್ನುತ್ತೇನೆ. ಆದರೆ ಅನುಮಾನ ನನ್ನದಾದರೆ ವಿಚಾರಿಸುವ ಕೆಲಸವೂ ನನ್ನದೇ. ಮಾಗಡಿ ವೈದ್ಯರಿಗೆ ಒಂದು ಫೋನು ಮಾಡಿದ್ದರೆ ಸಾಕಿತ್ತು. ಫೋನು ನನ್ನ ಮೇಜಿನ ಮೇಲೇ ಇತ್ತು.