ನನ್ನ ಪಾಲಿನ ರೊಟ್ಟಿಯ ಸಪ್ಪಳ

ಬಾವು ಇಳಿಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಬೆರಳುಗಳು ಊದಿಕೊಂಡು ಬದನೆಕಾಯಿಯಂತಾಗಿದ್ದಾಗ ಮನೆಮಂದಿಯೆಲ್ಲ ಅಯ್ಯೋ ಪಾಪ ಅಂದಿದ್ದರು. ಕಲಬುರಗಿಯ ಡಾಕ್ಟರು ನೋಡಿ, ಇದು ಸಂಧಿವಾತ, ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಕೀಲುಗಳನ್ನು ತಿನ್ನುತ್ತಿದೆ ಅಂದರು. ಗುಳಿಗೆ ನುಂಗಿದೆ. ಬಾವು ಇಳಿಯಿತು, ನೋವೂ ತಗ್ಗಿತು. ಸುಸ್ತು ಮಾತ್ರ ಹೋಗಲಿಲ್ಲ. "ಸುಸ್ತು ಈ ರೋಗದ ಸಂಗಾಟನೇ ಇರ್ತದ್ರಿ" ಅಂದರು ಡಾಕ್ಟರು. ಅದನ್ನು ಮನೆಗೆ ಬಂದು ಹೇಳಿದರೆ ನಂಬುವವರು ಯಾರು? ಬೆರಳು ನೋಡಿದರೆ ನೆಟ್ಟಗಿವೆ!

ಸುಸ್ತು ಅಂದರೆ ಜನ ದಣಿವು ಅಂದುಕೊಳ್ಳುತ್ತಾರೆ. ದಣಿವು ಮಲಗಿದರೆ ಹೋಗುತ್ತದೆ, ಮಾರಾಯರೇ. ನಾನು ರಾತ್ರಿಯಿಡೀ ಮಲಗಿ ಎದ್ದರೂ ಹಿಂದಿನ ದಿನವೆಲ್ಲ ಹತ್ತಿ ಬಿಡಿಸಿ ಬಂದವಳಂತೆ ಇರುತ್ತಿದ್ದೆ. ಹೆರಳು ಹಾಕಿಕೊಳ್ಳಲು ಕೈ ಎತ್ತಿದರೆ ನಡುವೆ ಇಳಿಸಿ ಸುಧಾರಿಸಿಕೊಳ್ಳಬೇಕು. ಬೆಳಗಿನ ಹೊತ್ತೇ ಎಲ್ಲಕ್ಕಿಂತ ಕಷ್ಟದ್ದು. ನಮ್ಮ ಮನೆಯಲ್ಲಿ ರೊಟ್ಟಿ ಮಾಡುವ ಹೊತ್ತೂ ಅದೇ.

ನಮ್ಮ ಮನೆ ಶಹಾಪುರದಲ್ಲಿ. ನಾನು ಗೋಗಿಯ ಶಾಲೆಯಲ್ಲಿ ಅತಿಥಿ ಶಿಕ್ಷಕಿ, ದಿನಾ ಶೇರ್ ಆಟೋದಲ್ಲಿ ಹೋಗಿಬರುತ್ತಿದ್ದೆ. ಗಂಡ ಸೈದಾಪುರದ ಕಡೆ ಕಾರ್ಖಾನೆಯಲ್ಲಿ. ವಾರಕ್ಕೊಮ್ಮೆ ಮನೆಗೆ ಬಂದರೆ ಬಂದ. ಅತ್ತೆ ಒಂದೇ ಮಾತು ಹೇಳಿದ್ದರು: "ನಿನ್ನ ಪಾಲಿನ ರೊಟ್ಟಿ ಆಗಬೇಕು. ಅದು ಆಗಂಗಿಲ್ಲಂದ್ರ ಶಾಲಿ ಬಿಡು." ನಾನು ಸತ್ತರೂ ಶಾಲೆ ಬಿಡುವವಳಲ್ಲ. ತರಗತಿಯಲ್ಲಿ ಕುರ್ಚಿಯ ಮೇಲೆ ಕೂತು ಕಲಿಸಿದರೂ ನಾನು ಟೀಚರ್. ಮನೆಯಲ್ಲಿ ಮಲಗಿದರೆ ಬರೀ ರೋಗಿಷ್ಟೆ.

ನಮ್ಮ ಕಡೆ ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ಯಾರು ಬಡಿಯುತ್ತಿದ್ದಾರೆ ಅಂತ ಹೇಳಿಬಿಡುತ್ತಾರೆ. ಅತ್ತೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತು ನಮ್ಮಿಬ್ಬರ ಕೆಲಸ ಕಿವಿಯಿಂದಲೇ ಅಳೆಯುತ್ತಿದ್ದರು. ನಮ್ಮಿಬ್ಬರ ಅಂದರೆ ನನ್ನದು ಮತ್ತು ಗಂಡನ ಅಣ್ಣನ ಹೆಂಡತಿಯದು. ನಾನವಳನ್ನು ಅಕ್ಕ ಅನ್ನುತ್ತಿದ್ದೆ. ಅಕ್ಕನದು ಪಟಪಟಪಟ ಎಂಬ ಬಿರುಸಿನ ಸಪ್ಪಳ. ನನ್ನದು ಪಟ್... ಪಟ್‌ಪಟ್, ನಡುನಡುವೆ ತಡೆದು ತಡೆದು.

ಒಂದು ಬೆಳಿಗ್ಗೆ ನಾನು ಪರಾತದ ಮುಂದೆ ಕೂತು ಹಿಟ್ಟಿಗೆ ಕೈ ಹಾಕಲಾರದೆ ಅತ್ತುಬಿಟ್ಟೆ. ಅಕ್ಕ ನನ್ನನ್ನು ಮೆಲ್ಲಗೆ ಗೋಡೆಗೆ ಒರಗಿಸಿದಳು. "ನೀ ಸುಮ್ನ ಕೂಡು. ನಾ ಅದೀನಲ್ಲ" ಅಂದು, ನನ್ನದೇ ಸಪ್ಪಳದಲ್ಲಿ ಬಡಿಯತೊಡಗಿದಳು. ಪಟ್... ಪಟ್‌ಪಟ್. ಹೊರಗಿನಿಂದ ಅತ್ತೆ, "ಇವತ್ತ ಸಣ್ಣಾಕಿ ಲಗೂನ ರೊಟ್ಟಿಗೆ ಹತ್ಯಾಳಲ್ಲ!" ಅಂದರು. ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ಆಮೇಲೆ ಅದೇ ನಮ್ಮ ಪದ್ಧತಿಯಾಯಿತು. ನಾನು ಕಣ್ಣು ಮುಚ್ಚಿ ಒರಗಿರುತ್ತಿದ್ದೆ, ಅವಳು ತನ್ನ ಪಾಲನ್ನೂ ನನ್ನ ಪಾಲನ್ನೂ ಬಡಿಯುತ್ತಿದ್ದಳು. ಈ ಲೋಕದಲ್ಲಿ ನನ್ನ ಸುಸ್ತನ್ನು ನಂಬಿದವಳು ಇವಳೊಬ್ಬಳೇ ಎಂದು ನನ್ನ ಜೀವವನ್ನೇ ಅವಳ ಮೇಲೆ ಇಟ್ಟಿದ್ದೆ.

ಎಳ್ಳಮಾವಾಸ್ಯೆ ಬಂತು. ಸಜ್ಜಿ ರೊಟ್ಟಿ, ಕಡುಬು, ಭಜ್ಜಿ ಎಲ್ಲ ಕಟ್ಟಿಕೊಂಡು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೋದೆವು. ಬನ್ನಿ ಗಿಡದ ಕೆಳಗೆ ಸುಣ್ಣ ಹಚ್ಚಿದ ಐದು ಕಲ್ಲಿಗೆ ಪೂಜೆಯಾಯಿತು, ಗಂಡಸರು ಹೊಲದ ಸುತ್ತ ಎಡೆಯ ಅಡುಗೆಯನ್ನು ಚರಗವಾಗಿ ಚೆಲ್ಲಿ ಬಂದರು. ನಾನು ಎರಡು ತುತ್ತು ತಿಂದು, ಟ್ರ್ಯಾಕ್ಟರಿನ ಆಚೆ ನೆರಳಿಗೆ ಹೋಗಿ ಅಡ್ಡಾದೆ. ಈಚೆ ಹೆಂಗಸರು ಉಣ್ಣುತ್ತ ಕೂತಿದ್ದರು, ಅತ್ತೆಯೂ ಅಲ್ಲೇ ಇದ್ದರು.

ಇದ್ದಕ್ಕಿದ್ದಂತೆ ನನ್ನದೇ ದನಿ ಕೇಳಿಸಿತು. "ಅಕ್ಕಾ... ಕೈ ಎತ್ತಾಕ ಆಗವಲ್ದು ಅಕ್ಕಾ..." ಗಾಲಿಗಳ ನಡುವಿನಿಂದ ನೋಡಿದೆ. ಅಕ್ಕ ಅರ್ಧ ಕಣ್ಣು ಮುಚ್ಚಿ, ಸೊಂಟಕ್ಕೆ ಕೈ ಕೊಟ್ಟು, ನನ್ನಂತೆಯೇ ಕಾಲೆಳೆಯುತ್ತ ನಡೆದು ತೋರಿಸುತ್ತಿದ್ದಳು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅದು ನಾನು ಅವಳೊಬ್ಬಳಿಗೇ ಕೇಳಿಸಿದ್ದ ದನಿ.

"ಶಾಲಿಗೆ ಹೋಗಾಕ ಸುಸ್ತಿಲ್ಲ, ಸೀರಿ ಉಡಾಕ ಸುಸ್ತಿಲ್ಲ. ರೊಟ್ಟಿ ಅಂದ್ಕೂಡ್ಲೆ ಸುಸ್ತು! ಬರೇ ನಖರಾ. ಆಕಿ ಪಾಲಿಂದೂ ನಾನೇ ಬಡಿತೀನಿ, ಆಕಿ ಸಪ್ಪಳ ಮಾಡಿ." ತಾಟಿನ ಮೇಲೆ ಬಡಿದು ತೋರಿಸಿಯೂ ಬಿಟ್ಟಳು.

"ದಿನಾ ನನಗ ಮಂಗ್ಯಾ ಮಾಡೀರೇನು?" ಅಂದರು ಅತ್ತೆ.

"ನಾ ಏನ್ ಮಾಡ್ಲಿ ಅತ್ತಿ? ಆಕಿನೇ ಕೈ ಮುಗದು ಕೇಳಿದ್ಳು."

ನಾನೆಲ್ಲಿ ಕೈ ಮುಗಿದಿದ್ದೆ? ಮೈಯೆಲ್ಲ ಉರಿದುಹೋಯಿತು. ಎದ್ದು ಹೋಗಿ ಅವಳ ಜುಟ್ಟು ಹಿಡಿಯಬೇಕು ಅನ್ನಿಸಿತು. ಏಳಲು ಆಗಲಿಲ್ಲ ನೋಡಿ, ಅಷ್ಟು ಸಿಟ್ಟಿನಲ್ಲೂ ಆಗಲಿಲ್ಲ. ಮುಖದ ಮೇಲೆ ಸೆರಗು ಎಳೆದುಕೊಂಡು ಮಲಗಿದಲ್ಲೇ ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಅಡುಗೆಮನೆಗೆ ಹೋಗಿ ಪರಾತದ ಮುಂದೆ ಕೂತೆ. ಅಕ್ಕ ಬಂದು, ಏನೂ ಆಗದವಳಂತೆ, "ನೀ ಯಾಕ? ತಾ ಇಲ್ಲಿ" ಅಂದಳು. ನಾನು ಅವಳ ಮುಖ ನೋಡಲಿಲ್ಲ. ಅವಳು ಹೆಂಚಿನ ಮುಂದೆ ಕೂತಳು, ನಾನು ಬಡಿದೆ. ನಡುನಡುವೆ ಕೈ ಇಳಿಸಿ ಸುಧಾರಿಸಿಕೊಂಡೆ. ಒಂದು ರೊಟ್ಟಿ ಹರಿಯಿತು, ಮತ್ತೆ ಕಲಸಿ ಬಡಿದೆ. ಇದೊಂದು ದಿನ ಗೆದ್ದರೆ ಶಾಲೆ ಉಳಿಯುತ್ತದೆ ಅಂತ ಹಲ್ಲು ಕಚ್ಚಿದೆ. ಪಟ್... ಪಟ್‌ಪಟ್.

ಪಡಸಾಲೆಯಿಂದ ಅತ್ತೆ ಕೂಗಿದರು. "ದೊಡ್ಡಾಕಿ! ಇನ್ನಾ ಆಕಿ ಸಪ್ಪಳ ಮಾಡಾಕತ್ತೀಯೇನು? ನನಗೆಲ್ಲಾ ಗೊತ್ತಾಗ್ಯಾದ, ಸಾಕು ಮಾಡು ನಾಟಕ."

ಗೋಡೆ ಹಿಡಿದು ಎದ್ದು, ಮೊಣಕೈವರೆಗೆ ಹಿಟ್ಟಾಗಿದ್ದ ಕೈಗಳನ್ನು ಮುಂದೆ ಚಾಚಿಕೊಂಡು ಬಾಗಿಲಿಗೆ ಬಂದೆ. "ಅತ್ತಿ, ಬಡ್ಯಾಕತ್ತಾಕಿ ನಾನೇ."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಿಟ್ಟ ಮೆತ್ಗೊಂಡು ಬಂದ್ರ ನಾ ನಂಬಬೇಕೇನು? ಇವತ್ತಿಂದ ಶಾಲಿ ಬಂದ್."

"ಅಕ್ಕ, ನೀನಾದ್ರೂ ಹೇಳು" ಅಂದು ಹಿಂತಿರುಗಿದೆ. ಹೌದು ಅನ್ನುವ ಒಂದು ಮಾತು ಸಾಕಿತ್ತು. ಅಕ್ಕ ನನ್ನ ಕಡೆ ನೋಡಲಿಲ್ಲ. ಹೆಂಚಿನ ಮೇಲೆ ನಾನು ಬಡಿದ ರೊಟ್ಟಿ ಇತ್ತು. ಅದು ಆಗಲೇ ಬೆಂದಿತ್ತು. ಅವಳು ಅದನ್ನು ಇನ್ನೊಮ್ಮೆ ಹೊರಳಿಸಿ ಹಾಕಿದಳು.